ನೋಡುವವರಿದ್ದರೆ ಅವತಾರ

ಕನ್ನಡದ ಮನೆಮಾತಿನಲ್ಲಿ ‘ಅವತಾರ’ ಎಂಬುದು ಎದುರಿಗಿರುವವರ ಬಾಯಿಂದ ಬರುವ ಪದ. ಹರಿದ ಜೀನ್ಸ್ ಹಾಕಿಕೊಂಡು ಮದುವೆಗೆ ಹೊರಟ ಮಗನನ್ನು ಕಂಡು ತಾಯಿ ‘ಏನೋ ಇದು ನಿನ್ನ ಅವತಾರ!’ ಅನ್ನುತ್ತಾಳೆ. ಮಗನಿಗೆ ಅದು ಅವತಾರವಲ್ಲ, ಬಟ್ಟೆ. ಕೊಟ್ಟ ಸಾಲ ಕೇಳಲು ಬಂದವನು ‘ನರಸಿಂಹಾವತಾರ ತಾಳಿಬಿಟ್ಟ’ ಎಂದು ಸಾಲಗಾರ ಹೇಳುತ್ತಾನೆಯೇ ಹೊರತು ಬಂದವನಲ್ಲ. ಪುರಾಣದಲ್ಲಿ ದೇವರು ಮೇಲಿನಿಂದ ಇಳಿದು ಬರುವುದಕ್ಕೆ ಈ ಹೆಸರು. ಮನೆಯ ಹೊಸ್ತಿಲು ದಾಟುವಾಗ ದೇವರು ಹೊರಗುಳಿದ, ವೇಷವೊಂದೇ ಒಳಗೆ ಬಂತು. ಕರಾವಳಿಯವರಿಗೆ ಇದರಲ್ಲಿ ಆಶ್ಚರ್ಯವೇನೂ ಇರಲಾರದು. ಯಕ್ಷಗಾನವನ್ನು ಅಲ್ಲಿ ದಶಾವತಾರ ಆಟವೆಂದೂ ಕರೆಯುತ್ತಾರೆ. ಎಷ್ಟೋ ಮೇಳಗಳ ಹೆಸರಿನಲ್ಲಿ ‘ದಶಾವತಾರ ಯಕ್ಷಗಾನ ಮಂಡಳಿ’ ಎಂಬುದು ಇಂದಿಗೂ ಇದೆ. ವೇಷವೂ ಅವತಾರವೂ ಒಂದೇ ಚೌಕಿಯಲ್ಲಿ ಕೂತು ಬಣ್ಣ ಹಚ್ಚಿಕೊಂಡು ಬಂದವು.

ಈ ಪದ ಕಂಪ್ಯೂಟರಿಗೆ ಇಳಿದ ಕಥೆಯಲ್ಲಿ ಒಂದು ತಮಾಷೆಯಿದೆ. 1985ರಲ್ಲಿ ರಿಚರ್ಡ್ ಗ್ಯಾರಿಯಟ್ ತಂದ ನಾಲ್ಕನೆಯ ‘ಅಲ್ಟಿಮಾ’ ಆಟದಲ್ಲಿ ಆಟಗಾರ ಎಂಟು ಸದ್ಗುಣಗಳನ್ನು ಸಾಧಿಸಿ ‘ಅವತಾರ’ ಆಗಬೇಕು. ಅಂದರೆ ಇಳಿಯುವುದಲ್ಲ, ಹತ್ತುವುದು! ಮರುವರ್ಷ ಲ್ಯೂಕಸ್‌ಫಿಲ್ಮ್ ಗೇಮ್ಸ್‌ನ ಚಿಪ್ ಮಾರ್ನಿಂಗ್‌ಸ್ಟಾರ್ ಮತ್ತು ರ‍್ಯಾಂಡಿ ಫಾರ್ಮರ್ ‘ಹ್ಯಾಬಿಟಾಟ್’ ಎಂಬ ಊರನ್ನೇ ಕಟ್ಟಿದರು. ಕಮೊಡೋರ್ 64 ಎಂಬ ಮನೆಬಳಕೆಯ ಕಂಪ್ಯೂಟರಿಗೆ ಟೆಲಿಫೋನ್ ತಂತಿ ಜೋಡಿಸಿಕೊಂಡ ಅಮೆರಿಕದ ಜನ ಅಲ್ಲಿ ಪುಟ್ಟ ಗೊಂಬೆಗಳಾಗಿ ಓಡಾಡಿದರು. ಆ ಗೊಂಬೆಗೆ ಅವತಾರ ಎಂದು ಹೆಸರಿಟ್ಟದ್ದು ಮಾರ್ನಿಂಗ್‌ಸ್ಟಾರ್. 1992ರಲ್ಲಿ ನೀಲ್ ಸ್ಟೀಫನ್‌ಸನ್‌ರ ‘ಸ್ನೋ ಕ್ರ್ಯಾಶ್’ ಕಾದಂಬರಿ ಅದನ್ನು ಎಲ್ಲರ ಬಾಯಿಗೆ ಹಾಕಿತು.

ಹ್ಯಾಬಿಟಾಟ್‌ನ ಗೊಂಬೆ ತನ್ನ ತಲೆಯನ್ನು ತೆಗೆದಿಟ್ಟು ಬೇರೆ ತಲೆ ಹಾಕಿಕೊಳ್ಳಬಹುದಿತ್ತು. ನನಗೆ ಅದಕ್ಕಿಂತ ಹಿಡಿಸಿದ್ದು ಅಲ್ಲಿನ ದೆವ್ವಗಳು. ದೇಹ ಬೇಡವೆಂದರೆ ನೀವು ದೆವ್ವವಾಗಿ ಸುಮ್ಮನೆ ನೋಡುತ್ತ ಇರಬಹುದಿತ್ತು. ಆದರೆ ಪರದೆಯ ಮೂಲೆಯಲ್ಲಿ ಒಂದು ಕಣ್ಣಿನ ಚಿತ್ರ ಮೂಡುತ್ತಿತ್ತು. ಯಾರೋ ನೋಡುತ್ತಿದ್ದಾರೆ ಎಂಬುದು ಉಳಿದವರಿಗೆ ಗೊತ್ತಾಗಲೇಬೇಕಿತ್ತು. ಕದ್ದು ನೋಡುವುದಕ್ಕೆ ಅವಕಾಶ ಕೊಟ್ಟು, ಕದಿಯುವುದನ್ನು ಮಾತ್ರ ಕಿತ್ತುಕೊಂಡರು.

2003ರಲ್ಲಿ ಲಿಂಡೆನ್ ಲ್ಯಾಬ್ ಶುರುಮಾಡಿದ ‘ಸೆಕೆಂಡ್ ಲೈಫ್’ ಎಂಬ ಇಂಥದೇ ಲೋಕ ಈ ಕಣ್ಣಿನ ವ್ಯವಹಾರವನ್ನು ತುಂಬ ದೂರ ಒಯ್ದಿತು. ಅಲ್ಲಿ ನಿಮ್ಮ ಮೌಸ್ ಹೋದತ್ತ ನಿಮ್ಮ ಅವತಾರ ಕತ್ತು ಹೊರಳಿಸುತ್ತದೆ. ನೀವು ಟೈಪ್ ಮಾಡತೊಡಗಿದರೆ ಅದು ಗಾಳಿಯಲ್ಲೇ ಬೆರಳಾಡಿಸುತ್ತದೆ, ಟಕಟಕ ಸದ್ದೂ ಕೇಳುತ್ತದೆ. ನೋಡಲು ಪೆದ್ದುಪೆದ್ದು. ಆದರೆ ಮಾತು ಬರುತ್ತಿದೆ, ತಾಳು ಎಂದು ಎದುರಿನವನಿಗೆ ತಿಳಿಸಲು ಅದಕ್ಕಿಂತ ಒಳ್ಳೆಯ ಉಪಾಯ ಕಾಣೆ. ಬರೆದ ಮಾತು 20 ಮೀಟರ್ ಒಳಗಿನವರಿಗಷ್ಟೇ ಕಾಣುತ್ತದೆ. ಪಿಸುಗುಟ್ಟಿದರೆ 10 ಮೀಟರ್, ಕೂಗಿದರೆ 100. ಕಂಪ್ಯೂಟರಿನ ಮುಂದಿನಿಂದ ನೀವು ಎದ್ದುಹೋಗಿ ಸ್ವಲ್ಪ ಹೊತ್ತಾದರೆ ಅವತಾರ ತಲೆ ತಗ್ಗಿಸಿ ನಿಂತುಬಿಡುತ್ತದೆ. ಇನ್ನೂ ಒಂದಿದೆ. ಯಾರ ನೋಟ ಎಲ್ಲಿ ನೆಟ್ಟಿದೆ ಎಂದು ತೋರಿಸುವ ಸಣ್ಣ ಗುರುತುಗಳನ್ನು ಬೇಕಾದರೆ ತೆರೆದುಕೊಳ್ಳಬಹುದು. ಇದು ತಿಳಿದದ್ದೇ ತಡ, ಜನ ತಮ್ಮ ನೋಟವನ್ನು ಮುಚ್ಚಿಡುವ ದಾರಿ ಕೇಳತೊಡಗಿದರು. ಆ ಲೋಕಕ್ಕೆ ಹೋಗಲು ಬೇರೆಯವರು ಮಾಡಿದ ಕೆಲವು ತಂತ್ರಾಂಶಗಳಲ್ಲಿ ಆ ಸೌಲಭ್ಯವೂ ಬಂತು. ರೆಕ್ಕೆ, ಕೊಂಬು, ಬಾಲ ಏನು ಬೇಕಾದರೂ ಹಚ್ಚಿಕೊಂಡು ಎಲ್ಲರೆದುರು ನಿಲ್ಲಲು ನಾಚಿಕೆಯಿಲ್ಲ, ಎಲ್ಲಿ ನೋಡುತ್ತಿದ್ದೇನೆ ಎಂಬುದು ಮಾತ್ರ ಗುಟ್ಟು.

ಸ್ಟಾನ್‌ಫರ್ಡ್‌ನ ನಿಕ್ ಯೀ, ಜೆರೆಮಿ ಬೈಲೆನ್ಸನ್ ಮತ್ತು ಜೊತೆಗಾರರು ಈ ಗೊಂಬೆಗಳ ನಡುವಿನ ಅಂತರವನ್ನೂ ನೋಟವನ್ನೂ ಅಳೆದು 2007ರಲ್ಲಿ ಪ್ರಕಟಿಸಿದರು. ಇಬ್ಬರು ಗಂಡು ಅವತಾರಗಳು ನಿಲ್ಲುವ ದೂರ ಇಬ್ಬರು ಹೆಣ್ಣು ಅವತಾರಗಳು ನಿಲ್ಲುವ ದೂರಕ್ಕಿಂತ ಹೆಚ್ಚು. ಗಂಡುಗಳು ಕಣ್ಣಿಗೆ ಕಣ್ಣು ಕೊಡುವುದೂ ಕಡಿಮೆ. ತೀರ ಹತ್ತಿರ ಬಂದಷ್ಟೂ ಮುಖ ಬೇರೆಡೆ ತಿರುಗುತ್ತದೆ, ತುಂಬಿದ ಸಿಟಿ ಬಸ್ಸಿನಲ್ಲಿ ನಾವು ಕಿಟಕಿಯಾಚೆ ನೋಡುವ ಹಾಗೆ. ಅಲ್ಲಿ ಮೈ ತಾಗುವುದಿಲ್ಲ, ಬೆವರಿನ ವಾಸನೆಯಿಲ್ಲ. ಆದರೂ ಸಂಕೋಚ ಇದೆ. ದೇಹವನ್ನು ಕುರ್ಚಿಯಲ್ಲಿ ಬಿಟ್ಟು ಹೋದವರು ಅದರ ಮರ್ಯಾದೆಯನ್ನು ಜೊತೆಗೇ ಹೊತ್ತುಕೊಂಡು ಹೋಗಿದ್ದಾರೆ.

ಎಲ್ಲರೂ ಅಲ್ಲ. ಮೆಟಾ ಕಂಪನಿಯ ‘ಹೊರೈಜನ್ ವರ್ಲ್ಡ್ಸ್’ ಎಂಬ ಇಂಥದೇ ಲೋಕದಲ್ಲಿ ಹೆಣ್ಣುಮಗಳೊಬ್ಬಳ ಅವತಾರಕ್ಕೆ ಅಪರಿಚಿತ ಅವತಾರವೊಂದು ಕೈಹಾಕಿದ ದೂರು 2021ರ ಕೊನೆಗೆ ಸುದ್ದಿಯಾಯಿತು. ‘ಗೊಂಬೆ ತಾನೇ’ ಎಂದು ಹಗುರ ಮಾಡಿದವರಿಗೆ ನನ್ನ ಉತ್ತರ ಇಷ್ಟೇ: ಕೈಹಾಕಿದವನೇ ಅದನ್ನು ಬರೀ ಗೊಂಬೆ ಎಂದುಕೊಂಡಿರಲಿಲ್ಲ. 2022ರ ಫೆಬ್ರುವರಿಯಲ್ಲಿ ಕಂಪನಿ ಪ್ರತಿ ಅವತಾರದ ಸುತ್ತ ಕಾಣದ ಬೇಲಿ ಹಾಕಿತು. ಇಬ್ಬರ ನಡುವೆ ಸುಮಾರು ನಾಲ್ಕು ಅಡಿ. ಅದನ್ನು ಮೀರಿ ಮುಂದೆ ಬಂದರೆ ಹೆಜ್ಜೆ ನಿಂತುಹೋಗುತ್ತಿತ್ತು. ಹೆಜ್ಜೆ ಎಂದೆ, ಆದರೆ ಆಗ ಆ ಅವತಾರಗಳಿಗೆ ಕಾಲೇ ಇರಲಿಲ್ಲ. ತಲೆಗೆ ಕಟ್ಟಿದ ಸಾಧನದ ಕ್ಯಾಮೆರಾಗಳಿಗೆ ಧರಿಸಿದವರ ಕಾಲು ಸರಿಯಾಗಿ ಕಾಣದ ಕಾರಣ ಸೊಂಟದಿಂದ ಮೇಲಿನದಷ್ಟೇ ತೇಲಾಡುತ್ತಿತ್ತು. ಪಂಡಿತರು ಪೂರ್ಣಾವತಾರ, ಅಂಶಾವತಾರ ಎಂದು ವಿಂಗಡಿಸುವುದುಂಟು. ಇದು ಅಂಶದಲ್ಲೂ ಅರ್ಧ. ವಾಮನ ಇಲ್ಲಿ ಇಳಿದಿದ್ದರೆ ಮೂರು ಹೆಜ್ಜೆ ಕೇಳುವ ಮಾತೇ ಇರಲಿಲ್ಲ, ಬಲಿ ಚಕ್ರವರ್ತಿ ಬಚಾವ್.

ಗೀತೆಯ ಒಂಬತ್ತನೆಯ ಅಧ್ಯಾಯದಲ್ಲಿ ಕೃಷ್ಣನದೂ ಒಂದು ದೂರಿದೆ: ಮನುಷ್ಯನ ಮೈ ತಾಳಿ ಬಂದಿರುವ ತನ್ನನ್ನು ಮೂಢರು ಕಡೆಗಣಿಸುತ್ತಾರೆ ಎಂದು. ಅವತಾರ ತಾಳಿದರೆ ಸಾಲದು, ಗುರುತಿಸುವವರು ಬೇಕು. ಮಾರ್ನಿಂಗ್‌ಸ್ಟಾರ್‌ ಕಾಲದಿಂದ ಇಲ್ಲಿಯವರೆಗೆ ತಂತ್ರಜ್ಞರು ತಲೆಕೆಡಿಸಿಕೊಂಡಿರುವುದು ಈ ಗುರುತಿಸುವ ಕೆಲಸಕ್ಕೇ: ಕತ್ತು ಎತ್ತ ಹೊರಳಬೇಕು, ಎಷ್ಟು ದೂರ ನಿಲ್ಲಬೇಕು, ಎದ್ದುಹೋದರೆ ಹೇಗೆ ತಿಳಿಯಬೇಕು.

ನಮ್ಮ ಕೆಲವು ಪತ್ರಿಕೆಗಳು ಈ ಗೊಂಬೆಯನ್ನು ‘ಅವತಾರ್’ ಎಂದು ಅರ್ಧಕ್ಕೆ ಕತ್ತರಿಸಿ ಬರೆಯುತ್ತವೆ. ಜೇಮ್ಸ್ ಕ್ಯಾಮರಾನ್‌ನ 2009ರ ಸಿನಿಮಾದ ಹೆಸರಾದರೆ ಹಾಗೇ ಇರಲಿ, ಅದು ಅವನ ಸೊತ್ತು. ಪರದೆಯೊಳಗೆ ಓಡಾಡುವ ನಮ್ಮ ವೇಷಕ್ಕೆ ಪೂರ್ತಿ ‘ಅವತಾರ’ ಎಂದೇ ಬರೆಯಿರಿ ಎಂದು ಸಂಪಾದಕರಲ್ಲಿ ನನ್ನ ಕೋರಿಕೆ. ಬಾಗಿಲಲ್ಲಿ ನಿಂತು ಮಗನನ್ನು ಮೇಲಿಂದ ಕೆಳಗೆ ನೋಡುವ ತಾಯಿ ಆ ಪದದೊಳಗೆ ಮೊದಲೇ ಇದ್ದಾಳೆ.