ಹೆಸರಿಲ್ಲದ ಬೀಗತನ

ಹೆಣ್ಣು ಕೊಟ್ಟ ಮನೆಗೂ ತಂದುಕೊಂಡ ಮನೆಗೂ ಏರ್ಪಡುವ ನಂಟಿಗೆ ನಮ್ಮ ನುಡಿಯಲ್ಲಿ ಬೀಗತನವೆಂಬ ಹೆಸರುಂಟು. ಹೆಸರಿರುವುದರಿಂದಲೇ ಅದಕ್ಕೆ ಕಟ್ಟುಪಾಡೂ ಉಂಟು. ಹಬ್ಬಕ್ಕೆ ಕರೆ, ಕಷ್ಟಕ್ಕೆ ನೆರವು, ಸಾವುನೋವುಗಳ ಸುದ್ದಿ, ಕೊನೆಗೆ ಮುನಿಸಿಕೊಳ್ಳುವ ಹಕ್ಕು ಕೂಡ ಉಂಟು. ಆದರೆ ಮಗುವನ್ನು ಕೊಟ್ಟ ಮನೆಗೂ ಅದನ್ನು ದತ್ತು ತೆಗೆದುಕೊಂಡ ಮನೆಗೂ ಇರುವ ನಂಟಿಗೆ ಏನೆಂದು ಹೆಸರು? ಅಂತಹ ಮಾತು ನಮ್ಮಲ್ಲಿಲ್ಲ. ಹೆಸರಿಲ್ಲದ ಮಾತ್ರಕ್ಕೆ ನಂಟೇ ಇಲ್ಲವೆಂದು ಹೇಳಬಹುದೆ? ದೂರದೇಶಕ್ಕೆ ಹೋಗಿ, ಮಗುವಿನ ಹೆತ್ತವರನ್ನು ಕಣ್ಣಾರೆ ಕಂಡು, ಮಗುವನ್ನು ಎತ್ತಿಕೊಂಡು ಮನೆಗೆ ಹಿಂದಿರುಗಿದ ಅನೇಕ ತಂದೆತಾಯಿಗಳು, ತಾವು ಅಲ್ಲಿ ಬಿಟ್ಟುಬಂದ ಆ ಜನರಿಗಾಗಿ ಹಂಬಲಿಸುವುದುಂಟು. ಒಂದೆರಡು ಗಂಟೆಗಳ ಕಾಲ ಕಂಡವರನ್ನು ಸ್ವಂತ ಒಡಹುಟ್ಟಿದವರಂತೆ ನೆನೆಯುವ ಈ ಹಂಬಲ ಎಲ್ಲಿಂದ ಬಂದಿತು, ಅದು ಏನನ್ನು ಕೇಳುತ್ತದೆ ಎಂಬುದನ್ನು ಇಥಿಯೋಪಿಯಾ ದೇಶದ ನಿದರ್ಶನದಿಂದ ವಿಚಾರಿಸುವುದು ಈ ಲೇಖನದ ಉದ್ದೇಶ.

ಮೊದಲು ಒಂದು ಮಾತನ್ನು ನೆನಪಿಡಬೇಕು. ಇಂತಹ ಹಂಬಲ ಹುಟ್ಟುವುದಕ್ಕೇ ಅವಕಾಶವಿಲ್ಲದ ಕಾಲವೊಂದಿದ್ದಿತು. ಅಮೇರಿಕಾದಲ್ಲಿ ಮಸಾಚುಸೆಟ್ಸ್ ಸಂಸ್ಥಾನವು 1851ರಲ್ಲಿ ದತ್ತಕದ ಶಾಸನವನ್ನು ಮಾಡಿತು. 1917ರಲ್ಲಿ ಮಿನ್ನೆಸೋಟ ಸಂಸ್ಥಾನವು ದತ್ತಕದ ಕಾಗದಪತ್ರಗಳನ್ನು ಸಾರ್ವಜನಿಕರ ಕಣ್ಣಿಗೆ ಬೀಳದಂತೆ ಮುಚ್ಚಿಡಿಸಿತು. ಮಗುವಿನ ಮೇಲೆ ಅಪವಾದ ಬಾರದಿರಲೆಂಬ ಸದುದ್ದೇಶದಿಂದ ಹೊರಟ ಈ ಕ್ರಮವು ಎರಡನೆಯ ಮಹಾಯುದ್ಧದ ತರುವಾಯ ಹೆಚ್ಚಿನ ಸಂಸ್ಥಾನಗಳಲ್ಲಿ ಹೆತ್ತವರಿಗೂ ಸಾಕಿದವರಿಗೂ ಸ್ವತಃ ಆ ಮಗುವಿಗೂ ಬಾಗಿಲು ಮುಚ್ಚುವ ನಿಯಮವಾಗಿ ಬೆಳೆಯಿತು. ಕೊರಿಯದ ಯುದ್ಧವು 1953ರಲ್ಲಿ ನಿಂತ ಮೇಲೆ ಆ ದೇಶದಿಂದ ಮಕ್ಕಳು ಸಮುದ್ರ ದಾಟಿ ಹೋಗತೊಡಗಿದಾಗ ಈ ಮರೆವು ಇನ್ನೂ ಗಾಢವಾಯಿತು. 1985ನೆಯ ಒಂದೇ ವರ್ಷದಲ್ಲಿ 8,800ಕ್ಕೂ ಮಿಕ್ಕಿದ ಮಕ್ಕಳು ದಕ್ಷಿಣ ಕೊರಿಯದಿಂದ ಹೊರಗೆ ಹೋದರು. ತಂದೆತಾಯಿಗಳು ಬದುಕಿದ್ದರೂ ಎಷ್ಟೋ ಮಕ್ಕಳನ್ನು ಅನಾಥರೆಂದು ದಾಖಲೆಯಲ್ಲಿ ಬರೆಯಲಾಗಿತ್ತೆಂದು ಅಲ್ಲಿಯ ಸತ್ಯಶೋಧನ ಆಯೋಗವು 2025ರ ಮಾರ್ಚಿಯಲ್ಲಿ ನಿರ್ಣಯ ಕೊಟ್ಟಿತು. ಹೆತ್ತವರೇ ಇಲ್ಲವೆಂದು ಕಾಗದವು ಹೇಳುವಾಗ ಸಾಕುವವರು ಯಾರನ್ನು ನೆನೆದು ಹಂಬಲಿಸಬೇಕು?

ಈ ಮೌನವನ್ನು ಮೊದಲು ಪ್ರಶ್ನಿಸಿದವರಲ್ಲಿ ಎಚ್. ಡೇವಿಡ್ ಕರ್ಕ್ ಎಂಬ ಸಮಾಜಶಾಸ್ತ್ರಜ್ಞರನ್ನು ಹೆಸರಿಸಲೇಬೇಕು. ಅವರು ಸ್ವತಃ ದತ್ತುಮಕ್ಕಳ ತಂದೆ. 1964ರಲ್ಲಿ ಪ್ರಕಟವಾದ ‘ಷೇರ್ಡ್ ಫೇಟ್’, ಎಂದರೆ ಹಂಚಿಕೊಂಡ ಹಣೆಬರಹ, ಎಂಬ ಗ್ರಂಥದಲ್ಲಿ ಅವರು ಪ್ರತಿಪಾದಿಸಿದ ತತ್ತ್ವ ಸರಳವಾದುದು. ನಮ್ಮ ಮನೆಯೂ ಎಲ್ಲರ ಮನೆಯಂತೆಯೇ ಎಂದು ನಟಿಸುವ ತಂದೆತಾಯಿಗಳಿಗಿಂತ, ಇಲ್ಲೊಂದು ಭೇದವಿದೆಯೆಂದು ಒಪ್ಪಿಕೊಂಡವರು ಮಗುವಿನ ಮನಸ್ಸಿಗೂ ಹೆತ್ತವರ ದುಃಖಕ್ಕೂ ಹತ್ತಿರವಾಗುವರು. ಈ ಮಾತು ಕೇವಲ ಪುಸ್ತಕದ ಮಾತಾಗಿ ಉಳಿಯದೆ ಅನುಭವಕ್ಕೆ ಬಂದ ದೇಶಗಳಲ್ಲಿ ಇಥಿಯೋಪಿಯಾ ಒಂದು.

ನಮ್ಮ ಹಿರಿಯರು ಅಬಿಸೀನಿಯಾ ಎಂದು ಕರೆಯುತ್ತಿದ್ದ ಈ ದೇಶದಿಂದ ಅಮೇರಿಕಾ ಒಂದಕ್ಕೇ 2010ನೆಯ ಲೆಕ್ಕದ ವರ್ಷದಲ್ಲಿ 2,500ಕ್ಕೂ ಹೆಚ್ಚು ಮಕ್ಕಳು ದತ್ತಕವಾಗಿ ಹೋದರು. ಬಡತನ, ಬರಗಾಲ, ಏಡ್ಸ್ ವ್ಯಾಧಿಯಿಂದ ಮುರಿದುಬಿದ್ದ ಸಂಸಾರಗಳು, ಇವೇ ಅದಕ್ಕೆ ಮುಖ್ಯ ಕಾರಣಗಳು. ಆದರೆ ಅಲ್ಲಿಂದ ಹೊರಟ ಮಕ್ಕಳಲ್ಲಿ ಅನೇಕರಿಗೆ ತಾಯಿಯೋ ತಂದೆಯೋ ಅಜ್ಜಿಯೋ ಬದುಕಿರುತ್ತಿದ್ದರು. ಕರೆದೊಯ್ಯಲು ಬಂದವರು ಎಷ್ಟೋ ಸಲ ಅವರನ್ನು ಭೇಟಿಯಾಗುತ್ತಿದ್ದರು. ದಕ್ಷಿಣದ ವೊಲಾಯಿತಾ, ಹದಿಯಾ ಮೊದಲಾದ ಸೀಮೆಗಳ ತಾಯಿ ತನ್ನ ನುಡಿಯಲ್ಲಿ ಹೇಳಿದುದನ್ನು ಒಬ್ಬನು ಅಂಹಾರಿಕ್ ಭಾಷೆಗೂ ಮತ್ತೊಬ್ಬನು ಇಂಗ್ಲಿಷಿಗೂ ತಿರುಗಿಸಬೇಕು. ಎರಡು ಬಾಯಿ ದಾಟಿ ಬಂದ ಮಾತಿನಲ್ಲಿ ಉಳಿಯುವುದೆಷ್ಟು? ಆದರೂ ಕಣ್ಣೀರಿಗೆ ದುಭಾಷಿ ಬೇಕಿಲ್ಲ.

ಅಂಹಾರಿಕ್ ಭಾಷೆಯಲ್ಲಿ ‘ಅದೆರಾ’ ಎಂಬ ಮಾತುಂಟು. ಒಂದು ವಸ್ತುವನ್ನೋ ವ್ಯಕ್ತಿಯನ್ನೋ ಇನ್ನೊಬ್ಬರ ಧರ್ಮಕ್ಕೆ ಬಿಟ್ಟು ಒಪ್ಪಿಸುವಾಗ ಅದನ್ನು ಆಡುವರು. ನಮ್ಮ ಮದುವೆಗಳಲ್ಲಿ ಹೆಣ್ಣೊಪ್ಪಿಸುವ ಹೊತ್ತಿನ ಮಾತಿನ ಭಾರವೇ ಅದಕ್ಕೂ ಇದೆ. ಹೆಣ್ಣನ್ನು ಒಪ್ಪಿಸಿದ ಮಾತ್ರಕ್ಕೆ ತವರು ಅಳಿದುಹೋಗುವುದೆ? ಒಪ್ಪಿಸಿಕೊಂಡವರು ಒಪ್ಪಿಸಿದವರಿಗೆ ಉತ್ತರ ಹೇಳತಕ್ಕವರಾಗುವರು ಎಂಬುದೇ ಆ ಮಾತಿನ ಸಾರ.

ಇನ್ನು ಊರಿಗೆ ಹಿಂದಿರುಗಿದವರ ಸ್ಥಿತಿಯನ್ನು ನೋಡೋಣ. ಮಗುವಿಗೆ ಹಲ್ಲು ಬೀಳುತ್ತದೆ, ಅಂಗಿ ಗಿಡ್ಡವಾಗುತ್ತದೆ, ಶಾಲೆಯ ಮೊದಲ ದಿನ ಬರುತ್ತದೆ. ಇದನ್ನು ಮೊದಲು ಯಾರಿಗೆ ಹೇಳಬೇಕೆಂದು ಮನಸ್ಸು ಹುಡುಕಿದರೆ, ಸಮುದ್ರದಾಚೆ ಇರುವ ಆ ಒಬ್ಬಳ ಮುಖವೇ ಎದುರಿಗೆ ನಿಲ್ಲುತ್ತದೆ. ಮಗು ನಗುವಾಗ ಕೆನ್ನೆಯಲ್ಲಿ ಬೀಳುವ ಕುಳಿ ಯಾರದೆಂದು ಬಲ್ಲವರು ಅಲ್ಲಿರುವರು. ಅವಳು ಉಂಡಳೆ, ಮಲಗಿದಳೆ, ಈ ವರ್ಷದ ಮಳೆ ಅವಳ ಹೊಲಕ್ಕೆ ಬಂದಿತೆ ಎಂದು ಕೇಳುವುದಕ್ಕೆ ವಿಳಾಸವೇ ಇಲ್ಲ. ಸೆಪ್ಟೆಂಬರ್ 11ರಂದು ಬರುವ ಇಥಿಯೋಪಿಯಾದ ಹೊಸವರ್ಷದ ಹಬ್ಬವನ್ನು ಕಾಫಿ ಹುರಿದು ಆಚರಿಸಿದರೂ ಎದುರಿನ ಪೀಠ ಬರಿದಾಗಿಯೇ ಇರುತ್ತದೆ. ಸತ್ತವರಿಗಾಗಿ ಅಳುವುದಕ್ಕೆ ಲೋಕದಲ್ಲಿ ಕ್ರಮವುಂಟು. ಬದುಕಿರುವವರಿಗಾಗಿ, ಅದರಲ್ಲೂ ತಮ್ಮ ಸುಖಕ್ಕೆ ಕಾರಣರಾದವರಿಗಾಗಿ ಅಳುವುದಕ್ಕೆ ಕ್ರಮವಿಲ್ಲ. ಯುದ್ಧದಲ್ಲಿ ಕಾಣೆಯಾದ ವಿಮಾನಯೋಧರ ಮನೆಯವರನ್ನು 1970ರ ದಶಕದಲ್ಲಿ ಅಭ್ಯಾಸಮಾಡಿದ ಪಾಲಿನ್ ಬಾಸ್ ಎಂಬ ವಿದುಷಿಯು ಇಂತಹ ಕೊನೆಗಾಣದ ಅಗಲಿಕೆಗೆ ಅಸ್ಪಷ್ಟ ವಿಯೋಗವೆಂಬ ಅರ್ಥದ ಹೆಸರನ್ನಿಟ್ಟರು. ದೇಹ ದೂರ, ನೆನಪು ಹತ್ತಿರ. ಶೋಕಕ್ಕೆ ತೆರೆ ಬೀಳುವುದೇ ಇಲ್ಲ.

ಈ ಹಂಬಲವನ್ನು ಬರಿಯ ಭಾವುಕತೆಯೆಂದು ತಳ್ಳಿಹಾಕುವವರು ಇಥಿಯೋಪಿಯಾದ ಆಚಾರವನ್ನೂ ಶಾಸನವನ್ನೂ ಗಮನಿಸಬೇಕು. ಆ ದೇಶದ ಓರೋಮೋ ಜನರಲ್ಲಿ ‘ಗುದ್ದಿಫಚಾ’ ಎಂಬ ಪುರಾತನ ದತ್ತಕಪದ್ಧತಿಯುಂಟು. ಹಿರಿಯರ ಮುಂದೆ ಬಹಿರಂಗವಾಗಿ ಕೊಟ್ಟು ತೆಗೆದುಕೊಂಡ ಮಗು ಸಾಕಿದವರಿಗೆ ಹೊಟ್ಟೆಯಲ್ಲಿ ಹುಟ್ಟಿದ ಮಗುವಿನಷ್ಟೇ ಸ್ವಂತ. ಆದರೆ ಅದರ ಹುಟ್ಟನ್ನು ಯಾರೂ ಮುಚ್ಚಿಡುವುದಿಲ್ಲ. ಇದಕ್ಕೆ ಹೊಂದುವಂತೆ 2000ನೆಯ ಇಸವಿಯ ಕುಟುಂಬಸಂಹಿತೆಯು, ದತ್ತು ಹೋದ ಮಗುವಿಗೆ ಹುಟ್ಟಿದ ಕುಟುಂಬದೊಡನೆ ಇರುವ ಬಂಧವು ಉಳಿಯುವುದೆಂದೂ, ಎರಡರಲ್ಲಿ ಒಂದನ್ನು ಆರಿಸಬೇಕಾದಲ್ಲಿ ಸಾಕಿದ ಮನೆಯೇ ಮೇಲೆಂದೂ ವಿಧಿಸಿತು. ಪಶ್ಚಿಮದ ಶಾಸನಗಳಲ್ಲಾದರೋ ಹಳೆಯ ಬಂಧ ಸಾಮಾನ್ಯವಾಗಿ ಕಡಿದೇ ಹೋಗುವುದು. ಹೀಗೆ ಒಂದೇ ಕಾಗದಕ್ಕೆ ಹೆಬ್ಬೆಟ್ಟನ್ನೊತ್ತಿದ ತಾಯಿ ಒಂದನ್ನು ತಿಳಿದಳು, ಸಹಿ ಹಾಕಿದ ಪರದೇಶದವರು ಮತ್ತೊಂದನ್ನು ತಿಳಿದರು. ಮಗ ಓದಿ ದೊಡ್ಡವನಾಗಿ ಬರುವನು, ಪತ್ರ ಬರೆಯುವನು ಎಂದು ಕಾದುಕುಳಿತವರು ಕಡಮೆಯಲ್ಲ.

ಹೆಸರಿನಲ್ಲಿಯೂ ಇದೇ ತೊಡಕು. ಆ ದೇಶದ ಬಹುಮಂದಿಗೆ ಮನೆತನದ ಹೆಸರಿಲ್ಲ; ತನ್ನ ಹೆಸರಿನ ಮುಂದೆ ತಂದೆಯ ಹೆಸರು ಬರುವುದಷ್ಟೆ. ಮಗುವಿನ ಎರಡನೆಯ ಹೆಸರು ಬದಲಾದರೆ ಅಳಿಯುವುದು ಒಂದು ಅಡ್ಡಹೆಸರಲ್ಲ, ಹೆತ್ತ ತಂದೆಯೇ. ತಂದೆಯ ಹೆಸರಿನ ಮೊದಲಕ್ಷರವನ್ನು ಹೊತ್ತು ತಿರುಗುವ ನಮಗೆ ಇದನ್ನು ವಿವರಿಸಬೇಕಾಗಿಲ್ಲ.

ನಮ್ಮ ಧರ್ಮಶಾಸ್ತ್ರವೂ ಈ ಸಮಸ್ಯೆಯನ್ನು ಅರಿತಿತ್ತು. ದತ್ತಪುತ್ರನಿಗೆ ಜನಕನ ಗೋತ್ರವೂ ಆಸ್ತಿಯೂ ಸಲ್ಲುವುದಿಲ್ಲವೆಂದು ಮನುಸ್ಮೃತಿ ಹೇಳಿದರೂ, ಇಬ್ಬರು ತಂದೆಯರಿಗೂ ಮಗನಾಗುವ ದ್ವ್ಯಾಮುಷ್ಯಾಯಣನೆಂಬವನಿಗೆ ಶಾಸ್ತ್ರಕಾರರು ಸ್ಥಳ ಕೊಟ್ಟಿದ್ದರು. 1956ರ ಹಿಂದೂ ದತ್ತಕ ಮತ್ತು ಜೀವನಾಂಶ ಶಾಸನವು ಹುಟ್ಟಿದ ಮನೆಯ ಬಂಧಗಳನ್ನು ಕಡಿದರೂ, ಅಲ್ಲಿ ನಿಷಿದ್ಧವಾದ ವಿವಾಹಸಂಬಂಧ ದತ್ತಕದ ಮೇಲೂ ನಿಷಿದ್ಧವೇ ಎಂದಿತು. ಎಲ್ಲವನ್ನೂ ಮರೆಯಿರೆಂದು ವಿಧಿಸುವ ಶಾಸನವೂ ರಕ್ತವನ್ನು ಮರೆಯಲಾರದೆ ಹೋಯಿತು.

ಹಂಬಲವೊಂದೇ ಧರ್ಮವಾಗಲಾರದೆಂಬುದನ್ನೂ ಇಲ್ಲಿ ಹೇಳಬೇಕು. ತಂದುಕೊಂಡವರ ಕೊರಗೂ ಕೊಟ್ಟವಳ ಸಂಕಟವೂ ಒಂದೇ ತೂಕದವಲ್ಲ. ಇವರ ತೊಡೆಯ ಮೇಲೆ ಮಗುವಿದೆ, ಅವಳ ತೊಡೆ ಬರಿದಾಗಿದೆ. ಮಕ್ಕಳಿಗೆ ಬೇಡಿಕೆ ಹೆಚ್ಚಿದಂತೆ ದಲ್ಲಾಳಿಗಳ ವಂಚನೆಯೂ ಸುಳ್ಳು ದಾಖಲೆಗಳೂ ಹೆಚ್ಚಿದವು. 2011ರಲ್ಲಿ ಇಥಿಯೋಪಿಯಾ ಸರಕಾರವು ದಿನಕ್ಕೆ ಐದೇ ಪ್ರಕರಣಗಳನ್ನು ವಿಚಾರಿಸುವುದಾಗಿ ಸಾರಿತು. 2017ರಲ್ಲಿ ದತ್ತಕವನ್ನು ತಡೆಹಿಡಿದು, 2018ರ ಜನವರಿಯಲ್ಲಿ ಪರದೇಶದವರಿಗೆ ಮಕ್ಕಳನ್ನು ಕೊಡುವುದನ್ನು ಶಾಸನದಿಂದಲೇ ನಿಲ್ಲಿಸಿತು. ಬಾಗಿಲು ಮುಚ್ಚಿತು, ಆದರೆ ಅದಕ್ಕೆ ಮೊದಲೇ ಹೊರಟುಬಂದ ಸಾವಿರಾರು ಮಕ್ಕಳು ಪ್ರಾಯಕ್ಕೆ ಬರುತ್ತಿದ್ದಾರೆ. ಮಗುವಿಗೆ ಹದಿನೆಂಟು ತುಂಬುವವರೆಗೆ ಅದರ ಕ್ಷೇಮಸಮಾಚಾರವನ್ನು ವರದಿ ಮಾಡಬೇಕೆಂದು ಆ ದೇಶವು ಕೇಳಿತ್ತು. ಮೂಲ ಕುಟುಂಬದ ವಿವರಗಳನ್ನು ಕಾಪಾಡಿಡಬೇಕೆಂದು 1993ರ ಹೇಗ್ ಒಪ್ಪಂದದ ಮೂವತ್ತನೆಯ ವಿಧಿಯೂ ಅದಕ್ಕೆ ಸೇರಿದ ರಾಷ್ಟ್ರಗಳಿಗೆ ಹೇಳುತ್ತದೆ. ಆದರೆ ಕಚೇರಿಯ ಕಪಾಟಿನಲ್ಲಿರುವ ವರದಿಯನ್ನು ಹಳ್ಳಿಯ ತಾಯಿಗೆ ಓದಿ ಹೇಳುವವರಾರು?

ಹೀಗೆ ಓದಿ ಹೇಳುವವರನ್ನು ಹುಡುಕುವುದು, ಚಿತ್ರ ಕಳುಹಿಸುವುದು, ಕಾಗದದಲ್ಲಿರುವುದು ನಿಜವೇ ಎಂದು ವಿಚಾರಿಸುವುದು, ನಿಜವಲ್ಲವೆಂದು ತಿಳಿದರೆ ಅದನ್ನು ತಾಳಿಕೊಂಡು ಮಗುವಿಗೂ ತಿಳಿಸುವುದು, ಇವೇ ಆ ಹಂಬಲವನ್ನು ಧರ್ಮವನ್ನಾಗಿ ಮಾಡುವ ಕೆಲಸಗಳು. ಮಗುವಿನ ಎದುರಿಗೆ ಆ ತಾಯಿಯ ಹೆಸರನ್ನು ಅಂಜದೆ ಎತ್ತುವುದು ಇವೆಲ್ಲಕ್ಕೂ ಮೊದಲು. ಕರ್ಣನನ್ನು ಸಾಕಿದ ರಾಧೆಗೆ ಅವನ ಹೆತ್ತ ತಾಯಿ ಯಾರೆಂದು ತಿಳಿದಿರಲಿಲ್ಲ; ಆ ಅರಿವು ಕರ್ಣನಿಗೆ ಬಂದಾಗ ಹೊತ್ತು ಮೀರಿಹೋಗಿತ್ತು. ತಿಳಿದಿರುವವರ ಹೊಣೆ ರಾಧೆಯ ಹೊಣೆಗಿಂತ ದೊಡ್ಡದು. ಎರಡು ಮನೆಗಳ ನಡುವಣ ಈ ನಂಟಿಗೆ ಭಾಷೆ ಇನ್ನೂ ಹೆಸರಿಟ್ಟಿಲ್ಲ. ನಡೆದುಕೊಳ್ಳುವುದಕ್ಕಾದರೋ ಹೆಸರಿಗಾಗಿ ಕಾಯಬೇಕಾಗಿಲ್ಲ.