ಬರೆದವ, ಕಂಡರಿಸಿದವ ಮತ್ತು ಲೇಸರ್: ಉಡುಪಿ–ಕಾರ್ಕಳ ಸೀಮೆಯ ಅಕ್ಷರ ಕೆತ್ತನೆ

ಹಳೆಯ ಕನ್ನಡ ಶಾಸನಗಳ ಕೊನೆಯ ಸಾಲುಗಳಲ್ಲಿ ಎಷ್ಟೋ ಸಲ ಇಬ್ಬರ ಹೆಸರು ಸಿಗುತ್ತದೆ. ಬರೆದವನದು ಒಂದು, ಕಂಡರಿಸಿದವನದು ಇನ್ನೊಂದು. ಬರೆದವನು ಸೇನಬೋವನೋ ಕವಿಯೋ ಆಗಿದ್ದರೆ ಕಂಡರಿಸಿದವನು ರೂವಾರಿ. ಪಾಠ ಮೊದಲು ಸಿದ್ಧವಾಗಬೇಕು. ನುಣುಪು ಮಾಡಿದ ಕಲ್ಲಿನ ಮೇಲೆ ಬಳಪದಿಂದಲೋ ಕೆಮ್ಮಣ್ಣಿನಿಂದಲೋ ಅಕ್ಷರ ಮೂಡಬೇಕು. ಆಮೇಲೆ ಉಳಿ ಆ ಗೆರೆಯನ್ನು ಹಿಡಿದು ಹೋಗಬೇಕು. ಬಿಟ್ಟುಹೋದ ಅಕ್ಷರವನ್ನು ಸಾಲಿನ ಕೆಳಗೆ ಚಿಕ್ಕದಾಗಿ ತುರುಕಿಸಿದ ಶಾಸನಗಳನ್ನು ಕಂಡವರಿಗೆ ತಪ್ಪು ಎಲ್ಲಿ ಹುಟ್ಟುತ್ತದೆ ಎಂಬುದು ಗೊತ್ತು. ಉಳಿ ತನ್ನ ಕೆಲಸವನ್ನು ಸರಿಯಾಗಿಯೇ ಮಾಡಿರುತ್ತದೆ. ಬರೆದವನಿಂದ ಕಂಡರಿಸಿದವನಿಗೆ ದಾಟುವಾಗ ಏನೋ ಜಾರಿರುತ್ತದೆ. ಇಂದು ಉಡುಪಿ, ಮಣಿಪಾಲ, ಕಾಪು, ಕಾರ್ಕಳದಲ್ಲಿ ಸನ್ಮಾನ ಫಲಕಕ್ಕೆ, ಮನೆಯ ಹೆಸರಿನ ಹಲಗೆಗೆ ಲೇಸರ್ ಯಂತ್ರ ಹಿಡಿದು ಕೂತ ಹೊಸಬರ ಕೈಯಲ್ಲಿ ಕೆಲಸ ಕೆಡುವುದೂ ಬಹುಮಟ್ಟಿಗೆ ಇದೇ ಜಾಗದಲ್ಲಿ.

ಈ ಸೀಮೆಗೆ ಅಕ್ಷರ ಕೊರೆಯುವ ಕೆಲಸ ಬಹಳ ಹಳೆಯದು. ಉಡುಪಿಯಿಂದ ಕಾಪುವಿನ ಕಡೆಗೆ ಹೋಗುವಾಗ ಸಿಗುವ ಉದ್ಯಾವರ ಒಂದು ಕಾಲಕ್ಕೆ ಆಳುಪರ ರಾಜಧಾನಿ. ಅಲ್ಲಿನ 8ನೆಯ ಶತಮಾನದ ಕಲ್ಲುಗಳಲ್ಲಿ ಆ ಮನೆತನದ ಒಳಜಗಳದಲ್ಲಿ ಮಡಿದ ವೀರರ ನೆನಪಿದೆ. ಕಾರ್ಕಳ ಸೀಮೆಯ ಬೆಳ್ಮಣ್ಣಿನ ತಾಮ್ರಪಟಗಳೂ ಅದೇ ಶತಮಾನದವು. ಪೂರ್ತಿಯಾಗಿ ಕನ್ನಡದಲ್ಲಿರುವ ತಾಮ್ರಶಾಸನಗಳಲ್ಲಿ ಅತ್ಯಂತ ಹಳೆಯವು ಎಂದು ಅವಕ್ಕೆ ಮನ್ನಣೆಯಿದೆ. ಆಳುಪರ ಜೋಡಿ ಮೀನಿನ ಲಾಂಛನವೂ ಅವುಗಳಲ್ಲಿದೆ. ಬಾರಕೂರಿನಲ್ಲಂತೂ ಕೇರಿಕೇರಿಗೆ ಶಾಸನ. ಈ ಕಲ್ಲುಗಳನ್ನು ಊರೂರು ಅಲೆದು ಓದಿದವರಲ್ಲಿ ಪಾದೂರು ಗುರುರಾಜ ಭಟ್ಟರು ಪ್ರಮುಖರು; ತುಳುನಾಡಿನ ಇತಿಹಾಸ ಮತ್ತು ಸಂಸ್ಕೃತಿ ಕುರಿತ ಅವರ ದೊಡ್ಡ ಗ್ರಂಥ 1975ರಲ್ಲಿ ಹೊರಬಂತು. ಶಾಸನಗಳಲ್ಲಿ ಬಹುಪಾಲು ದಾನದ ದಾಖಲೆಗಳು: ಯಾರು, ಯಾವ ದೇವರಿಗೆ, ಎಷ್ಟು ಗದ್ದೆ ಅಥವಾ ಎಷ್ಟು ಅಕ್ಕಿ ಬಿಟ್ಟರು ಎಂಬ ಲೆಕ್ಕ. ಜೀರ್ಣೋದ್ಧಾರವಾದ ದೇವಸ್ಥಾನದ ಗೋಡೆಯಲ್ಲಿ ಇಂದು ಕಾಣುವ ದಾನಿಗಳ ಹೆಸರಿನ ಕಪ್ಪು ಕಲ್ಲು ಅದೇ ವಂಶದ್ದು.

ಕಾರ್ಕಳದಲ್ಲಿ ಈ ವಿದ್ಯೆ ದೊಡ್ಡ ಅಳತೆಗೆ ಬೆಳೆಯಿತು. ಊರಿನ ಹೆಸರೇ ಕರಿಕಲ್ಲಿನಿಂದ ಬಂತೆಂಬ ಮಾತಿದೆ. ವೀರಪಾಂಡ್ಯ ಭೈರರಸ ನಿಲ್ಲಿಸಿದ ಸುಮಾರು 42 ಅಡಿಯ ಗೊಮ್ಮಟನ ಪಕ್ಕದ ಶಾಸನ ಪ್ರತಿಷ್ಠೆಯ ದಿನವನ್ನು ಶಕ 1353ರ ಫಾಲ್ಗುಣ ಶುದ್ಧ ದ್ವಾದಶಿ ಎಂದು ಹೇಳುತ್ತದೆ. ಇಂದಿನ ಲೆಕ್ಕಕ್ಕೆ 1432ರ ಫೆಬ್ರವರಿ 13. ಊರಿನ ಚತುರ್ಮುಖ ಬಸದಿ 1586ರದು. ಗೊಮ್ಮಟ ನಿಂತು ಐದು ಶತಮಾನ ಕಳೆದ ಮೇಲೂ ಕೈ ನಿಂತಿರಲಿಲ್ಲ. ಧರ್ಮಸ್ಥಳದಲ್ಲಿ 1982ರಲ್ಲಿ ಪ್ರತಿಷ್ಠೆಯಾದ 39 ಅಡಿಯ ಬಾಹುಬಲಿಯನ್ನು ಕಡೆದವರು ಕಾರ್ಕಳದ ಶಿಲ್ಪಿ ರೆಂಜಾಳ ಗೋಪಾಲ ಶೆಣೈ. ಮೂರ್ತಿ ರೂಪುಗೊಂಡದ್ದೂ ಕಾರ್ಕಳದಲ್ಲೇ. ಹತ್ತಿರದ ಮಿಯಾರಿನಲ್ಲಿ ಕೆನರಾ ಬ್ಯಾಂಕಿನ ಆಶ್ರಯದ ಸಿ.ಇ. ಕಾಮತ್ ಸಂಸ್ಥೆ ಇಂದಿಗೂ ಕಲ್ಲು, ಮರ, ಲೋಹದ ಕೆಲಸ ಕಲಿಸುತ್ತಿದೆ. ಬಂಡೆಗೆ ಉಳಿ ತಾಗಿಸುವ ಮೊದಲು ನೂಲು ಹಿಡಿದು ನಡುಗೆರೆ ಹೊಡೆಯಬೇಕು. ಆ ಗೆರೆಯಿಂದಲೇ ಎಲ್ಲ ಅಳತೆ ಹೊರಡಬೇಕು. ನಡುಗೆರೆ ಬೆರಳಷ್ಟು ಜಾರಿದರೂ ಮೇಲಿನ ಕೆಲಸವೆಲ್ಲ ಜಾರುತ್ತದೆ. ಲೇಸರ್ ಯಂತ್ರದಲ್ಲಿ ಈ ನಡುಗೆರೆಯ ಕೆಲಸ ಮಾಡುವುದು ‘ಒರಿಜಿನ್’ ಎಂಬ ಸೊನ್ನೆಯ ಬಿಂದು.

ಕಲ್ಲಿನ ಜೊತೆಗೆ ಓಲೆಯೂ ಕೊರೆಯುವ ವಸ್ತುವೇ. ಉಡುಪಿಯ ಮಠಗಳಲ್ಲಿ ಶಾಸ್ತ್ರಗ್ರಂಥಗಳನ್ನು ತಾಳೆಗರಿಯ ಮೇಲೆ ತುಳು ಲಿಪಿಯಲ್ಲಿ ಬರೆದಿಟ್ಟರು. ಕಬ್ಬಿಣದ ಕಂಠದಿಂದ ಕೊರೆದ ಗೆರೆ ಆ ಹೊತ್ತಿಗೆ ಕಣ್ಣಿಗೆ ಕಾಣುವುದಿಲ್ಲ. ಮಸಿ ಹಚ್ಚಿ ಒರೆಸಿದ ಮೇಲೆ ಗೀರಿನಲ್ಲಿ ಮಾತ್ರ ಕಪ್ಪು ಉಳಿದು ಅಕ್ಷರ ಎದ್ದು ಬರುತ್ತದೆ. ಗರಿಯ ನಾರಿನ ಉದ್ದಕ್ಕೆ ನೇರ ಗೆರೆ ಎಳೆದರೆ ಗರಿ ಸೀಳುತ್ತದೆ, ಹಾಗಾಗಿ ನಮ್ಮ ಲಿಪಿಗಳು ದುಂಡಗಾದವು ಎಂಬ ವಿವರಣೆ ಬಹಳ ಮಂದಿ ಒಪ್ಪಿದ್ದು. ಆ ದುಂಡುತನ ಯಂತ್ರಕ್ಕೆ ಹೊಸ ಕಷ್ಟವನ್ನೇ ತಂದಿಟ್ಟಿದೆ; ಅದರ ಮಾತು ಮುಂದೆ ಬರುತ್ತದೆ.

1843ರಲ್ಲಿ ಮಂಗಳೂರಿನಲ್ಲಿ ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗ್ ಹೊರತಂದ ಮೊದಲ ಕನ್ನಡ ಪತ್ರಿಕೆ ‘ಮಂಗಳೂರ ಸಮಾಚಾರ’ ಕಲ್ಲಚ್ಚಿನಲ್ಲಿ ಮುದ್ರಣಗೊಂಡಿತ್ತು. ಕಲ್ಲಚ್ಚಿನಲ್ಲಿ ಅಕ್ಷರ ಕಲ್ಲಿನ ಮೇಲೆ ಕನ್ನಡಿಯಲ್ಲಿ ಕಂಡಂತೆ ತಿರುಗಿ ಕೂರಬೇಕು. ಆಗ ಕಾಗದದ ಮೇಲೆ ನೆಟ್ಟಗೆ ಬೀಳುತ್ತದೆ. ಅಚ್ಚುಮೊಳೆ ಜೋಡಿಸಿದವರೂ ತಿರುಗಿದ ಅಕ್ಷರವನ್ನೇ ಓದುತ್ತಿದ್ದರು. ಮಣಿಪಾಲದ ಮುದ್ರಣಾಲಯ, ಅಲ್ಲಿಂದಲೇ 1970ರ ಜನವರಿ 1ರಂದು ಹೊರಟ ‘ಉದಯವಾಣಿ’ ದಿನಪತ್ರಿಕೆ, ಇವುಗಳಿಂದ ಈ ಊರಿಗೆ ಅಚ್ಚಿನ ಕಣ್ಣು ಬಲವಾಗಿಯೇ ಬಂತು. ಲೇಸರ್ ಕಲಿಯುವವರ ಮೊದಲ ಪೆಟ್ಟು ಈ ಕಣ್ಣು ಇಲ್ಲದ್ದರಿಂದ ಬೀಳುತ್ತದೆ. ಪಾರದರ್ಶಕ ಅಕ್ರಿಲಿಕ್ ಫಲಕಕ್ಕೆ ಹಿಂಬದಿಯಿಂದ ಕೊರೆಯುವುದು ರೂಢಿ, ಏಕೆಂದರೆ ಮುಂಬದಿ ನುಣುಪಾಗಿ ಉಳಿಯುತ್ತದೆ. ಹಾಗೆ ಕೊರೆಯುವಾಗ ಅಕ್ಷರವನ್ನು ತಂತ್ರಾಂಶದಲ್ಲಿ ‘ಮಿರರ್’ ಮಾಡದಿದ್ದರೆ ಹೆಸರು ತಿರುಗಿ ಕಾಣುತ್ತದೆ. ರಬ್ಬರ್ ಸ್ಟ್ಯಾಂಪಿಗೆ ತಿರುಗಿಸುವುದರ ಜೊತೆಗೆ ಇನ್ನೊಂದು ಪಲ್ಲಟವೂ ಬೇಕು: ಅಕ್ಷರ ಉಬ್ಬಿ ನಿಲ್ಲಬೇಕು, ಸುತ್ತಲಿನ ರಬ್ಬರ್ ಸುಟ್ಟು ಹೋಗಬೇಕು. ಇದನ್ನು ಮರೆತರೆ ಒತ್ತಿದಾಗ ಮಸಿಯ ಚೌಕ ಬಿದ್ದು ನಡುವೆ ಬಿಳಿ ಅಕ್ಷರ ಕಾಣುತ್ತದೆ.

ಕಲ್ಲು, ಅಚ್ಚುಗಳ ಆಚೆ ಮನೆಮನೆಗೂ ತಲುಪಿದ ಕೆತ್ತನೆಯೆಂದರೆ ಪಾತ್ರೆಯ ಮೇಲಿನ ಹೆಸರು. ಮದುವೆಗೆ ಕೊಡುವ ಹಿತ್ತಾಳೆಯ ಕೊಡ, ಸ್ಟೀಲಿನ ತಟ್ಟೆಯ ಮೇಲೆ ಅಂಗಡಿಯವರು ಸಣ್ಣ ಚಾಣದಿಂದ ಚುಕ್ಕಿ ಚುಕ್ಕಿಯಾಗಿ ಹೆಸರು ಹಾಕುತ್ತಿದ್ದರು. ಆಮೇಲೆ ಕರ್ರನೆ ಸದ್ದು ಮಾಡುವ ಕೈಯಂತ್ರ ಬಂತು. ಅಲ್ಲಿ ಬರೆದವನೂ ಕಂಡರಿಸಿದವನೂ ಒಬ್ಬನೇ. ಗಿರಾಕಿ ಚೀಟಿಯಲ್ಲಿ ಬರೆದುಕೊಟ್ಟ ಹೆಸರು ನೇರ ಲೋಹಕ್ಕೆ ಹೋಗುತ್ತಿತ್ತು. ಒತ್ತಕ್ಷರಕ್ಕೆ ಜಾಗ ಸಾಲದಿದ್ದರೆ ಅವನು ಅಲ್ಲೇ ಅಕ್ಷರವನ್ನು ಕಿರಿದು ಮಾಡಿಕೊಳ್ಳುತ್ತಿದ್ದ. ಓದಿ, ನೋಡಿ, ಹೊಂದಿಸಿಕೊಳ್ಳುವ ಆ ಕೈ ಯಂತ್ರಕ್ಕೆ ಇಲ್ಲ. ಲೇಸರ್ ಅಕ್ಷರವನ್ನು ಓದುವುದೇ ಇಲ್ಲ. ಅದಕ್ಕೆ ಸಿಗುವುದು ಗೆರೆಗಳ ಲೆಕ್ಕ ಮಾತ್ರ.

ಲೇಸರ್ 1960ರ ಮೇ ತಿಂಗಳಲ್ಲಿ ಅಮೆರಿಕದ ಥಿಯೊಡೋರ್ ಮೈಮನ್ ಅವರ ಪ್ರಯೋಗಾಲಯದಲ್ಲಿ ಮೊದಲು ಹೊಳೆಯಿತು. ಮರ, ಅಕ್ರಿಲಿಕ್, ರಬ್ಬರ್ ಕೊರೆಯಲು ಇಂದು ಹೆಚ್ಚು ಬಳಕೆಯಲ್ಲಿರುವ ಇಂಗಾಲದ ಡೈಆಕ್ಸೈಡ್ ಲೇಸರನ್ನು 1964ರಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ರೂಪಿಸಿದವರು ಮಹಾರಾಷ್ಟ್ರದ ಬಾರಾಮತಿಯಲ್ಲಿ ಹುಟ್ಟಿದ ಕುಮಾರ್ ಪಟೇಲ್. ಅದರ ಕಿರಣದ ತರಂಗಾಂತರ 10.6 ಮೈಕ್ರಾನ್, ಕಣ್ಣಿಗೆ ಕಾಣದು. ಬರಿಯ ಲೋಹ ಅದನ್ನು ಹಿಂದಕ್ಕೆ ಹೊಳೆಯಿಸಿಬಿಡುವುದರಿಂದ ಪಾತ್ರೆಗೆ, ಕೀಲಿಗೊಂಚಲಿಗೆ ಸುಮಾರು 1 ಮೈಕ್ರಾನಿನ ಫೈಬರ್ ಲೇಸರ್ ಬೇಕು. ಕಪ್ಪು ಕಲ್ಲಿನ ಮೇಲೆ ಪಟೇಲರ ಕಿರಣ ಚೆನ್ನಾಗಿ ಗುರುತು ಮಾಡುತ್ತದೆ. ಆದರೆ ಅದು ಆಳಕ್ಕಿಳಿಯುವುದಿಲ್ಲ. ಹೊಳಪು ಕೊಟ್ಟ ಮೇಲ್ಮೈಯ ಹರಳುಗಳು ಬಿಸಿಗೆ ಬಿರಿದು ಬಿಳಿಚುತ್ತವೆ, ಅಷ್ಟೆ. ಕರಾವಳಿಯ ಮಳೆಗೆ, ಪಾಚಿಗೆ ಒಡ್ಡಿಕೊಳ್ಳುವ ಹೊರಗಿನ ಕಲ್ಲಿಗೆ ಆಳವಾದ ಗೆರೆಯೇ ಬೇಕು. ಅಲ್ಲಿ ಉಳಿಗೋ, ಕತ್ತರಿಸಿದ ಅಂಟುಹಾಳೆಯ ಮೇಲೆ ಮರಳು ಚಿಮ್ಮಿಸುವ ವಿಧಾನಕ್ಕೋ ಮೊರೆಹೋಗುವುದೇ ಒಳ್ಳೆಯದು.

ಇನ್ನು ಬರೆದವನ ಭಾಗ. ಕನ್ನಡವನ್ನು ಕಂಪ್ಯೂಟರಿಗೆ ಇಳಿಸಿದ ಕತೆಯಲ್ಲಿ ಈ ಸೀಮೆಯ ಪಾಲು ದೊಡ್ಡದು. ಮಂಗಳೂರು ಬಳಿಯ ಕಿನ್ನಿಕಂಬಳದಲ್ಲಿ ಹುಟ್ಟಿ, ಮೊನೊಟೈಪ್ ಸಂಸ್ಥೆಯಲ್ಲಿ ಅಕ್ಷರಜೋಡಣೆಯ ಕೆಲಸ ಮಾಡಿ, ಮಣಿಪಾಲದ ತಾಂತ್ರಿಕ ವಿದ್ಯಾಲಯದಲ್ಲಿ ಪಾಠ ಹೇಳಿದ ಕೆ.ಪಿ. ರಾವ್ ಅವರು ಉಚ್ಚಾರದಂತೆ ಒತ್ತುವ ಕೀಲಿಮಣೆಯನ್ನು ಕೊಟ್ಟರು; ಅದರ ಪರಿಷ್ಕೃತ ರೂಪವೇ ಮುಂದೆ ಸರ್ಕಾರದ ಮಾನ್ಯತೆ ಪಡೆಯಿತು. ‘ಸೇಡಿಯಾಪು’ ಎಂಬ ತಂತ್ರಾಂಶವನ್ನು ಅವರು ಬೆಲೆ ಕೇಳದೆ ಹಂಚಿದರು; ಅದರ ಹೆಸರು ವಿದ್ವಾಂಸ ಸೇಡಿಯಾಪು ಕೃಷ್ಣಭಟ್ಟರ ನೆನಪಿನದು. ಬೆರಳು ಧ್ವನಿಯನ್ನು ಒತ್ತಿದರೆ ಸಾಕು, ಒತ್ತು ಎಲ್ಲಿ ಕೂರಬೇಕು ಎಂಬುದನ್ನು ಯಂತ್ರವೇ ನೋಡಿಕೊಳ್ಳುತ್ತದೆ ಎಂಬುದು ಅವರ ಕಾಣ್ಕೆ. ಆದರೆ ಅಂಗಡಿಗಳಲ್ಲಿ ವರ್ಷಗಟ್ಟಲೆ ನಡೆದದ್ದು ‘ನುಡಿ’, ‘ಬರಹ’, ‘ಶ್ರೀಲಿಪಿ’ಗಳ ಹಳೆಯ ಫಾಂಟುಗಳು. ಇಂಗ್ಲಿಷ್ ಅಕ್ಷರಗಳ ಸಂಕೇತದ ಜಾಗದಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿದವು ಅವು. ಅಂಥ ಫಾಂಟು ಇಲ್ಲದ ಕಂಪ್ಯೂಟರಿನಲ್ಲಿ ಕಡತ ತೆರೆದರೆ ಹೆಸರು ಅರ್ಥವಿಲ್ಲದ ಇಂಗ್ಲಿಷ್ ಗುರುತುಗಳ ಸರವಾಗುತ್ತದೆ. ಯೂನಿಕೋಡಿನಲ್ಲಿ ಬರೆದರೆ ಬೇರೆ ತೊಂದರೆ: ಅಕ್ಷರ ಕೂಡಿಸುವ ನಿಯಮ ತಿಳಿಯದ ಕೆತ್ತನೆ ತಂತ್ರಾಂಶ ‘ಕೃಷ್ಣ’ ಎಂಬುದನ್ನು ‘ಕೃಷ್‌ಣ’ ಎಂದು ಬಿಡಿಸಿಡುತ್ತದೆ. ಉಡುಪಿಯಲ್ಲಿ ದಿನಕ್ಕೆ ಹತ್ತು ಸಲ ಬರೆಯಬೇಕಾದ ಹೆಸರೇ ಪರೀಕ್ಷೆಯ ಪದವಾಗುತ್ತದೆ. ಎರಡಕ್ಕೂ ಮದ್ದು ಒಂದೇ. ಕೋರೆಲ್‌ಡ್ರಾದಲ್ಲೋ ಇಂಕ್‌ಸ್ಕೇಪಿನಲ್ಲೋ ಅಕ್ಷರ ಸರಿಯಾಗಿ ಕೂಡಿದ ಮೇಲೆ ಅದನ್ನು ಗೆರೆಗಳಾಗಿ, ಅಂದರೆ ‘ಕರ್ವ್ಸ್’ ಆಗಿ ಬದಲಿಸಿ ಯಂತ್ರದ ತಂತ್ರಾಂಶಕ್ಕೆ ಕಳಿಸಬೇಕು.

ಅಲ್ಲಿಗೂ ಮುಗಿಯಲಿಲ್ಲ. ಹಳೆಯ ಫಾಂಟಿನಲ್ಲಿ ಅಕ್ಷರದ ಒಡಲು, ತಲೆಕಟ್ಟು, ಕೊಂಬು, ಒತ್ತು ಬೇರೆ ಬೇರೆ ತುಂಡುಗಳಾಗಿದ್ದು ಒಂದರ ಮೇಲೊಂದು ಹತ್ತಿ ಕೂತಿರುತ್ತವೆ. ಕಾಗದದ ಮೇಲೆ ಮಸಿಗೆ ಮಸಿ ಸೇರಿ ಈ ಬೆಸುಗೆ ಕಾಣುವುದಿಲ್ಲ. ಲೇಸರ್ ತಂತ್ರಾಂಶ ಮಾತ್ರ ಗೆರೆ ಎಣಿಸುತ್ತದೆ. ಒಂದು ಗೆರೆ ದಾಟಿದರೆ ಅಕ್ಷರದ ಒಳಗು, ಎರಡನೆಯದನ್ನು ದಾಟಿದರೆ ಹೊರಗು. ‘ರ’ದ ಹೊಟ್ಟೆ ಖಾಲಿ ಉಳಿಯುವುದು ಈ ಎಣಿಕೆಯಿಂದಲೇ. ತಲೆಕಟ್ಟು ಒಡಲಿನ ಮೇಲೆ ಹತ್ತಿದ ಜಾಗದಲ್ಲೂ ಎರಡು ಗೆರೆ ಸಿಗುವುದರಿಂದ ಯಂತ್ರ ಅದನ್ನೂ ಹೊರಗೆಂದು ಬಿಟ್ಟುಬಿಡುತ್ತದೆ. ಫಲಕದ ಮೇಲೆ ಪ್ರತಿ ಅಕ್ಷರದ ಕತ್ತಿನಲ್ಲಿ ಎಳ್ಳುಕಾಳಿನಷ್ಟು ಕೊರೆಯದ ಚುಕ್ಕೆ. ಹೊಸಬರು ಯಂತ್ರದ ಕಿರಣ ದುರ್ಬಲವಾಗಿದೆ ಎಂದುಕೊಂಡು ಶಕ್ತಿ ಏರಿಸುತ್ತಾರೆ, ಮರ ಸುಡುತ್ತದೆ, ಚುಕ್ಕೆ ಹಾಗೇ ಉಳಿಯುತ್ತದೆ. ತುಂಡುಗಳನ್ನು ‘ವೆಲ್ಡ್’ ಮಾಡಿ ಒಂದೇ ಹೊರಗೆರೆಯಾಗಿಸಿದರೆ ಚುಕ್ಕೆ ಮಾಯ. ಗೆರೆಯ ಎರಡು ತುದಿ ಕೂಡದೆ ತೆರೆದುಳಿದರೆ ಒಳಗು ಯಾವುದು ಎಂದು ತಿಳಿಯದೆ ಆ ಅಕ್ಷರವನ್ನು ಯಂತ್ರ ತುಂಬುವುದೇ ಇಲ್ಲ, ತುದಿಗಳನ್ನು ಜೋಡಿಸಬೇಕು.

ಅಳತೆಯ ತಪ್ಪಿಗೂ ಇತಿಹಾಸವಿದೆ. ಚಿತ್ರದ ಕಡತದಲ್ಲಿ ಒಂದು ಅಂಗುಲಕ್ಕೆ ಎಷ್ಟು ಬಿಂದು ಎಂಬುದು ತಂತ್ರಾಂಶದಿಂದ ತಂತ್ರಾಂಶಕ್ಕೆ ಬೇರೆ: ಕೆಲವುಗಳಲ್ಲಿ 72, ಕೆಲವುಗಳಲ್ಲಿ 96. ಇಂಕ್‌ಸ್ಕೇಪ್ 2017ರಲ್ಲಿ ತನ್ನ ಲೆಕ್ಕವನ್ನು 90ರಿಂದ 96ಕ್ಕೆ ಬದಲಿಸಿತು. 96ರ ಲೆಕ್ಕದಲ್ಲಿ ಬರೆದ 9 ಅಂಗುಲದ ಹೆಸರನ್ನು 72ರ ಲೆಕ್ಕದವನು ಓದಿದರೆ 12 ಅಂಗುಲವಾಗಿ ಹಲಗೆಯಿಂದ ಹೊರಗೆ ಚಾಚುತ್ತದೆ. ಗೊತ್ತಿರುವ ಅಳತೆಯ ಒಂದು ಚೌಕವನ್ನು ಚಿತ್ರದ ಜೊತೆಗೇ ಕಳಿಸಿ, ಆ ಕಡೆ ಅಳೆದು ನೋಡುವುದು ಅನುಭವಿಗಳ ರೂಢಿ. ಜಾಗದ ತಪ್ಪು ಮೊದಲೇ ಹೇಳಿದ ನಡುಗೆರೆಯದು. ಮೂಲೆಗೆ ತಾಗಿ ತನ್ನ ಸ್ಥಾನ ಅರಿಯುವ ಸ್ವಿಚ್ ಇಲ್ಲದ ಅಗ್ಗದ ಯಂತ್ರ, ಚಾಲೂ ಮಾಡಿದಾಗ ಕಿರಣ ಬೀರುವ ತಲೆ ಎಲ್ಲಿದೆಯೋ ಅದನ್ನೇ ಸೊನ್ನೆ ಎಂದುಕೊಳ್ಳುತ್ತದೆ. ತಂತ್ರಾಂಶ ಮೇಜಿನ ಮೂಲೆಯನ್ನು ಸೊನ್ನೆ ಎಂದುಕೊಂಡಿದ್ದರೆ ತಲೆ ಚೌಕಟ್ಟಿಗೆ ಡಿಕ್ಕಿ ಹೊಡೆದು ಕಟಕಟ ಸದ್ದು ಮಾಡುತ್ತದೆ. ತಲೆಯನ್ನು ಕೈಯಾರೆ ಮೂಲೆಗೆ ತಂದು ಚಾಲೂ ಮಾಡಬಹುದು; ಇಲ್ಲವೇ ತಲೆ ಇರುವ ಜಾಗದಿಂದಲೇ ಆರಂಭಿಸುವ ಆಯ್ಕೆ ಹಿಡಿಯಬಹುದು. ಕಿರಣ ಹೊತ್ತಿಸದೆ ಹೊರಚೌಕವನ್ನು ಒಮ್ಮೆ ಸುತ್ತಿಸಿದರೆ ಉಳಿದ ಅನುಮಾನವೂ ಪರಿಹಾರ.

ಶಕ್ತಿಯ ಲೆಕ್ಕದಲ್ಲಿ ಎರಡು ಸಂಖ್ಯೆಗಳು ಹೊಂದಬೇಕು. ಸಣ್ಣ ಯಂತ್ರಗಳೊಳಗಿನ ಗರ್ಬಲ್ ಎಂಬ ನಿಯಂತ್ರಕ ಪೂರ್ಣ ಶಕ್ತಿಯನ್ನು 1000 ಎಂದು ತಿಳಿದಿದ್ದು, ತಂತ್ರಾಂಶ 255ನ್ನೇ ಪೂರ್ಣ ಎಂದು ಕಳಿಸಿದರೆ ಕಿರಣ ಕಾಲುಭಾಗದಲ್ಲೇ ನಿಲ್ಲುತ್ತದೆ, ಅಕ್ಷರ ಮಾಸಲು. ಉಲ್ಟಾ ಆದರೆ ಕಾಲಿನಾಚೆಗೆಲ್ಲ ಪೂರ್ಣ ಶಕ್ತಿ. ಫೋಟೊ ಕೊರೆದರೆ ಮುಖ ಬರಿಯ ಕಪ್ಪು. ತಾಳೆಗರಿಯಿಂದ ಬಂದ ದುಂಡು ಲಿಪಿ ಇಲ್ಲಿ ಕಾಡುತ್ತದೆ: ಸಣ್ಣ ಸುಳಿಗಳಲ್ಲಿ ತಲೆ ನಿಧಾನವಾಗುತ್ತದೆ, ಶಕ್ತಿ ಅದಕ್ಕೆ ತಕ್ಕಂತೆ ಇಳಿಯದಿದ್ದರೆ ಪ್ರತಿ ತಿರುವಿನಲ್ಲೂ ಕರಿಕಲೆ. ನಿಯಂತ್ರಕದ ‘ಲೇಸರ್ ಮೋಡ್’ ಚಾಲೂ ಆಗಿದ್ದು, ವೇಗಕ್ಕೆ ತಕ್ಕಂತೆ ಶಕ್ತಿ ಬದಲಿಸುವ ಆಯ್ಕೆಯೂ ಹಾಕಿದ್ದರೆ ಈ ಕಲೆ ಬಹಳ ಮಟ್ಟಿಗೆ ಹೋಗುತ್ತದೆ. ಅಕ್ಷರದ ಅಂಚು ಎರಡೆರಡಾಗಿ ಕಂಡರೆ, ಹೋಗುವ ಸಾಲು ಮತ್ತು ಬರುವ ಸಾಲು ಕೂದಲೆಳೆಯಷ್ಟು ತಪ್ಪಿವೆ. ಬೆಲ್ಟ್ ಬಿಗಿ ಮಾಡಿ, ಆಮೇಲೂ ಉಳಿದ ಅಂತರವನ್ನು ತಂತ್ರಾಂಶದಲ್ಲಿ ತುಂಬಬೇಕು. ಕಂಪ್ಯೂಟರಿಗೆ ಯಂತ್ರವೇ ಕಾಣದಿದ್ದರೆ ಹೆಚ್ಚಾಗಿ ಸಿಎಚ್340 ಚಿಪ್ಪಿನ ಡ್ರೈವರ್ ಹಾಕಿರುವುದಿಲ್ಲ.

ಬರೆದವನ ಕೆಲಸ ಇನ್ನೂ ಪೂರ್ತಿ ನೆಲೆ ನಿಲ್ಲದಿರುವುದು ತುಳು ಲಿಪಿಯಲ್ಲಿ. ಉಡುಪಿ, ಕಾಪುವಿನ ಕಡೆ ತುಳು ಲಿಪಿಯ ನಾಮಫಲಕಗಳಿಗೆ ಈಚೆಗೆ ಬೇಡಿಕೆ ಹೆಚ್ಚಿದೆ. ಆ ಲಿಪಿಗೆ ಯೂನಿಕೋಡಿನಲ್ಲಿ ಸ್ವಂತ ಸ್ಥಾನ ಸಿಕ್ಕಿದ್ದು 2024ರ ಸೆಪ್ಟೆಂಬರಿನಲ್ಲಿ, 16ನೆಯ ಆವೃತ್ತಿಯಲ್ಲಿ, ತುಳು-ತಿಗಳಾರಿ ಎಂಬ ಹೆಸರಿನಿಂದ. ಅದಕ್ಕೆ ಮೊದಲು ಬಳಕೆಗೆ ಬಂದ ಫಾಂಟುಗಳಲ್ಲಿ ಕನ್ನಡದ ಸಂಕೇತದ ಜಾಗದಲ್ಲೇ ತುಳು ಅಕ್ಷರದ ಆಕಾರ ಕೂರಿಸಿದವೂ ಇವೆ. ಮನೆಯ ಕಂಪ್ಯೂಟರಿನಲ್ಲಿ ತುಳುವಾಗಿ ಕಂಡ ಫಲಕ, ಆ ಫಾಂಟು ಇಲ್ಲದ ಅಂಗಡಿಯ ಪರದೆಯಲ್ಲಿ ಸದ್ದಿಲ್ಲದೆ ಕನ್ನಡಕ್ಕೆ ತಿರುಗಿರುತ್ತದೆ. ಅಕ್ಷರ ಚೆಂದವಾಗಿ ಓದಿಸಿಕೊಳ್ಳುವುದರಿಂದ ಯಾರಿಗೂ ಅನುಮಾನ ಬರುವುದಿಲ್ಲ. ಹೊಸ ಸಂಕೇತದ ಫಾಂಟುಗಳು ಅಂಗಡಿಗಳಲ್ಲಿ ರೂಢಿಯಾಗುವ ತನಕ ತುಳು ಹೆಸರನ್ನು ಗೆರೆಗಳಾಗಿ ಬದಲಿಸಿಯೇ ಕಳಿಸಬೇಕು, ಜೊತೆಗೆ ಅದೇ ಹೆಸರಿನ ಚಿತ್ರವೊಂದನ್ನೂ ಇಡಬೇಕು. ಯಂತ್ರ ನಡೆಸುವವರು ಕೊರೆಯುವ ಮುನ್ನ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಬಹುದು.