ವುಡ್‌ಹೆಂಜ್: ಕಂಬ ಅಳಿದ ಮೇಲೆ ಕುಳಿಗಳ ಸಾಕ್ಷ್ಯ

ಇಂಗ್ಲೆಂಡಿನ ವಿಲ್ಟ್‌ಷೈರ್‌ನಲ್ಲಿ, ಸ್ಟೋನ್‌ಹೆಂಜ್‌ನ ಈಶಾನ್ಯಕ್ಕೆ ಸುಮಾರು 3 ಕಿ.ಮೀ. ದೂರದ ಹೊಲವೊಂದರಲ್ಲಿ, ಉಳುಮೆಯಿಂದ ಸವೆದ ದುಂಡನೆಯ ಮಣ್ಣಿನ ಏರಿಯೊಂದಿತ್ತು. ಬಹುಕಾಲ ಅದನ್ನು ಸಮಾಧಿ ದಿಬ್ಬವೆಂದೇ ಎಣಿಸಲಾಗಿತ್ತು. 1925ರ ಡಿಸೆಂಬರಿನಲ್ಲಿ ವಾಯುಪಡೆಯ ಗಿಲ್ಬರ್ಟ್ ಇನ್ಸಾಲ್ ಆ ಹೊಲದ ಮೇಲೆ ಹಾರುವಾಗ ಏರಿಯ ಒಳಗೆ ಬಿಳಿ ಚುಕ್ಕೆಗಳನ್ನು ಕಂಡರು. ಮುಂದಿನ ಬೇಸಿಗೆಯಲ್ಲಿ ಗೋಧಿ ಬೆಳೆದು ನಿಂತಾಗ ಚುಕ್ಕೆಗಳು ಉಂಗುರಗಳಾಗಿ ತೋರಿದವು. ಆ ನೆಲದಡಿ ಇರುವುದು ಸೀಮೆಸುಣ್ಣದ ಗಟ್ಟಿ ಪದರ. ಅದನ್ನು ಎಂದೋ ತೋಡಿದ್ದ ಕಡೆ ಮಣ್ಣು ಆಳವಾಗಿ ತುಂಬಿಕೊಂಡು ತೇವ ಹಿಡಿದಿಡುತ್ತದೆ; ಅಲ್ಲಿನ ಪೈರು ಹುಲುಸಾಗಿ, ಕಡು ಹಸುರಾಗಿ ಬರುತ್ತದೆ.

1926ರಲ್ಲಿ ಮಾಡ್ ಕನಿಂಗ್ಟನ್ ಮತ್ತು ಅವರ ಪತಿ ಬೆಂಜಮಿನ್ ಉತ್ಖನನ ಆರಂಭಿಸಿದರು. ಒಂದರೊಳಗೊಂದು ಅಡಕವಾದ ಆರು ಅಂಡಾಕಾರದ ಸಾಲುಗಳು, ಒಟ್ಟು 168 ಕಂಬಗುಳಿಗಳು. ಸುತ್ತ ಒಂದು ಕಂದಕ, ಅದರಾಚೆಗೆ ಏರಿ, ಈಶಾನ್ಯಕ್ಕೆ ಒಂದೇ ಬಾಗಿಲು. ಕೋಟೆಯಾಗಿದ್ದರೆ ಕಂದಕ ಏರಿಯ ಹೊರಗಿರಬೇಕಿತ್ತು. ಇಲ್ಲಿ ಅದು ಒಳಗಿದೆ; ಹೆಂಜ್ ಎಂದು ಕರೆಯುವ ದುಂಡು ಆವರಣಗಳ ಲಕ್ಷಣವೇ ಅದು. ಅಂಡಾಕಾರದ ಉದ್ದನೆಯ ಅಕ್ಷ ನಡುಬೇಸಿಗೆಯ ಸೂರ್ಯೋದಯದ ದಿಕ್ಕಿಗಿದೆ.

ಮೂರನೆಯ ಸಾಲಿನ ಕುಳಿಗಳು ಎಲ್ಲಕ್ಕಿಂತ ದೊಡ್ಡವು, ಸುಮಾರು 2 ಮೀಟರ್ ಆಳದವು. ಪ್ರತಿ ಕುಳಿಯ ಒಂದು ಬದಿ ಇಳಿಜಾರು: ಭಾರಿ ಮರದ ಬುಡವನ್ನು ಅದರಲ್ಲಿ ಜಾರಿಸಿ, ನೆಟ್ಟಗೆ ಎತ್ತಿ, ಸುತ್ತಲೂ ಸುಣ್ಣದ ಚೂರು ಜಡಿದಿದ್ದಾರೆ. ಮರ ಕೊಳೆತ ಮೇಲೆ ಅದು ನಿಂತಿದ್ದ ಜಾಗಕ್ಕೆ ಕಪ್ಪು ಮಣ್ಣು ಇಳಿದಿದೆ. ಬಿಳಿಯ ನಡುವಿನ ಆ ಕಪ್ಪು ಅಚ್ಚನ್ನು ಅಳೆದರೆ ಕಂಬದ ದಪ್ಪ ತಿಳಿಯುತ್ತದೆ. ಇಷ್ಟು ಸಾಕ್ಷ್ಯದಿಂದ ಕಂಬಗಳ ಮೇಲೇನಿತ್ತೆಂದು ಹೇಳುವುದು ಮಾತ್ರ ಕಷ್ಟ. 1940ರಲ್ಲಿ ಸ್ಟುವರ್ಟ್ ಪಿಗಟ್ ಇದು ಮಾಡು ಹೊದೆಸಿದ ಕಟ್ಟಡವಾಗಿತ್ತೆಂದು ವಾದಿಸಿದರು. ಬಯಲಲ್ಲಿ ನಿಂತ ಬಿಡಿ ಕಂಬಗಳೆಂಬ ಅಭಿಪ್ರಾಯ ಈಚೆಗೆ ಬಲಗೊಂಡಿದೆ.

ನಡುಭಾಗದ ಬಳಿ ಸುಮಾರು ಮೂರು ವರ್ಷದ ಮಗುವಿನ ಗೋರಿ ಸಿಕ್ಕಿತು. ತಲೆಬುರುಡೆ ಎರಡಾಗಿತ್ತು. ಮಗುವನ್ನು ಬಲಿಕೊಟ್ಟಿದ್ದಾರೆಂದು ಮಾಡ್ ಬರೆದರು; ಆ ಮಾತು ಇಂದಿಗೂ ಪ್ರವಾಸಿಗರ ಬಾಯಲ್ಲಿದೆ. ಆದರೆ ಅಷ್ಟು ಎಳೆಯ ವಯಸ್ಸಿನಲ್ಲಿ ಬುರುಡೆಯ ಹೊಲಿಗೆಗಳು ಬೆಸೆದಿರುವುದಿಲ್ಲ, ಮೇಲಿನ ಮಣ್ಣಿನ ಭಾರಕ್ಕೇ ಅವು ಬಿಟ್ಟುಕೊಳ್ಳಬಹುದು ಎಂದು ನಂತರದವರು ತೋರಿಸಿಕೊಟ್ಟರು. ಬಲಿಯ ವಾದಕ್ಕೆ ಇದಕ್ಕಿಂತ ಗಟ್ಟಿ ಆಧಾರ ಬೇಕು.

ಮಾಡ್ ಅವರ ಊಹೆಗಳಿಗಿಂತ ಅವರ ದಾಖಲೆ ದೊಡ್ಡದೆಂಬುದು ನನ್ನ ಖಚಿತ ಅಭಿಪ್ರಾಯ. 1929ರಲ್ಲಿ ಪ್ರಕಟವಾದ ವರದಿಯಲ್ಲಿ ಯಾವ ವಸ್ತು ಯಾವ ಕುಳಿಯದೆಂದು ಗುರುತಿದೆ: ಗ್ರೂವ್ಡ್ ವೇರ್ ಎಂಬ ಗೀರುಗೆರೆಯ ಮಡಕೆ ಚೂರು, ಹಂದಿ ಮತ್ತು ದನದ ಮೂಳೆ, ಯಾವ ಕೆಲಸಕ್ಕೂ ಬಾರದ ಸೀಮೆಸುಣ್ಣದ ಕೊಡಲಿ. 1995ರಲ್ಲಿ ಜೋಶುವಾ ಪೊಲಾರ್ಡ್ ಅದೇ ದಾಖಲೆಯನ್ನು ಮತ್ತೆ ಪರಿಶೀಲಿಸಿ, ಇವು ಎಲ್ಲೆಡೆ ಸಮನಾಗಿ ಹರಡಿಲ್ಲ, ಆಯ್ದ ಜಾಗಗಳಲ್ಲಿ ಬೇಕೆಂದೇ ಇಟ್ಟವು ಎಂದು ತೋರಿಸಿದರು. ಅರವತ್ತಕ್ಕೂ ಹೆಚ್ಚು ವರ್ಷಗಳ ಬಳಿಕ, ಹೊಸ ಗುದ್ದಲಿ ಹಾಕದೆ ಇಂಥ ಓದು ಸಾಧ್ಯವಾದದ್ದು ಆ ಶಿಸ್ತಿನಿಂದಲೇ. ದಂಪತಿ ಕುಳಿಗಳ ಜಾಗದಲ್ಲಿ ಕಾಂಕ್ರೀಟ್ ಮೋಟುಗಂಬಗಳನ್ನೂ ನಿಲ್ಲಿಸಿದರು. ಇಂದು ನೋಡಸಿಗುವುದು ಅವೇ.

ಕಾಲದ ಪ್ರಶ್ನೆ 1970ರಲ್ಲಿ ತಿಳಿಯಾಯಿತು. ಜಾನ್ ಇವಾನ್ಸ್ ಮತ್ತು ಜೆಫ್ರಿ ವೇನ್‌ರೈಟ್ ಏರಿ ಮತ್ತು ಕಂದಕಕ್ಕೆ ಅಡ್ಡಲಾಗಿ ಅಗೆದರು. ರೇಡಿಯೊ ಕಾರ್ಬನ್ ಪರೀಕ್ಷೆ ಕಂದಕವನ್ನು ಕ್ರಿ.ಪೂ. ಮೂರನೆಯ ಸಹಸ್ರಮಾನದ ಉತ್ತರಾರ್ಧಕ್ಕೆ ಒಯ್ದಿತು.

1998ರಲ್ಲಿ ಮೈಕ್ ಪಾರ್ಕರ್ ಪಿಯರ್ಸನ್ ಮತ್ತು ಮಡಗಾಸ್ಕರಿನ ರಾಮಿಲಿಸೋನಿನಾ ಒಂದು ಪ್ರಮೇಯ ಮುಂದಿಟ್ಟರು: ಮರ ಬದುಕಿದವರದು, ಕಲ್ಲು ಪಿತೃಗಳದು, ಮರದ ವೃತ್ತಗಳಿಂದ ಸ್ಟೋನ್‌ಹೆಂಜ್‌ಗೆ ಸಾಗುವುದೆಂದರೆ ಬದುಕಿನಿಂದ ಸಾವಿಗೆ ಸಾಗುವುದು. ಆದರೆ 2006ರಲ್ಲಿ ಪೊಲಾರ್ಡ್ ತಂಡ ವುಡ್‌ಹೆಂಜ್‌ನ ಒಂದು ಭಾಗವನ್ನು ಮತ್ತೆ ಅಗೆದಾಗ, ಕಂಬಗಳು ಕೊಳೆತ ನಂತರ ಅಲ್ಲೇ ಕಲ್ಲುಗಳನ್ನು ನೆಟ್ಟಿದ್ದ ಕುಳಿಗಳು ಸಿಕ್ಕವು. ಮರ ಒಂದೆಡೆ, ಕಲ್ಲು ಇನ್ನೊಂದೆಡೆ ಎಂಬ ವಿಂಗಡಣೆಗೆ ಈ ನೆಲ ಸುಲಭವಾಗಿ ಒಗ್ಗುವುದಿಲ್ಲ. ಆ ಪ್ರಮೇಯ ಇಲ್ಲಿ ನಿಲ್ಲಬೇಕಾದರೆ, ಮರ ಕಲ್ಲಾದ ಬದಲಾವಣೆಯನ್ನು ಇದೇ ಏರಿಯ ಒಳಗೇ ವಿವರಿಸಬೇಕಾಗುತ್ತದೆ.